ಸರಿಯಾಗಿ ಹಾಕಿದ್ದೀರಾ?

ಇಸಿಜಿ ತೆಗೆಯುವವನ ಜವಾಬ್ದಾರಿ ಕಾಗದ ಹರಿದು ಕೊಡುವಲ್ಲಿಗೆ ಮುಗಿಯುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ತಂತಿ ಸಿಕ್ಕಿಸುವುದು, ಗುಂಡಿ ಒತ್ತುವುದು ನಮ್ಮ ಕೆಲಸ. ಓದುವುದು, ತೀರ್ಮಾನಿಸುವುದು ಡಾಕ್ಟರ ಕೆಲಸ. ಈ ನಂಬಿಕೆ ಎಷ್ಟು ಅಪಾಯದ್ದು ಎಂದು ನನಗೆ ತಿಳಿದದ್ದು ಕಾಫಿ ತೋಟದಲ್ಲಿ ದುಡಿಯುವ ಒಬ್ಬ ತಾಯಿಗೆ ನನ್ನಿಂದ ಅನ್ಯಾಯವಾದ ಮೇಲೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರು ಅದೇ ತಪ್ಪನ್ನು ಮತ್ತೆ ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಮಲೆನಾಡಿನ ಒಂದು ಸಣ್ಣ ಆಸ್ಪತ್ರೆಯಲ್ಲಿ, ಹಿರಿಯ ಟೆಕ್ನಿಷಿಯನ್ ಒಬ್ಬರ ಪಕ್ಕದಲ್ಲಿ ನಿಂತು. ಅವರು ಬಣ್ಣ ಹೇಳಿಕೊಟ್ಟರು: ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಎದೆಗೆ ಅಂಟಿಸುವ ಆರು ಎಲೆಕ್ಟ್ರೋಡ್ ಬಲ್ಬುಗಳನ್ನು ‘ಇಲ್ಲಿಂದ ಶುರು ಮಾಡಿ ಹೀಗೆ ಸುತ್ತಿಸಿಕೊಂಡು ಹೋಗು’ ಎಂದು ಕೈಯಾಡಿಸಿ ತೋರಿಸಿದರು. ಪಕ್ಕೆಲುಬು ಎಣಿಸಬೇಕು ಎಂದು ಹೇಳಲಿಲ್ಲ. ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ. ನಾನೂ ಕೇಳಲಿಲ್ಲ. ಕಾಗದದ ಮೇಲೆ ಗೆರೆ ಬರುತ್ತಿತ್ತು. ಗೆರೆ ಬಂದರೆ ಕೆಲಸ ಸರಿಯಾಯಿತು ಎಂದುಕೊಂಡೆ.

ಆ ತಾಯಿಯನ್ನು ಕರೆತಂದದ್ದು ಜುಲೈ ತಿಂಗಳ ಒಂದು ರಾತ್ರಿ, ಬಿಡದೆ ಸುರಿಯುತ್ತಿದ್ದ ಮಳೆಯಲ್ಲಿ. ವಯಸ್ಸು ಐವತ್ತರ ಆಸುಪಾಸು. ಎದೆಯ ನಡುವೆ ಉರಿ, ಹೊಟ್ಟೆ ತೊಳಸುವಿಕೆ. “ಗ್ಯಾಸ್ಟ್ರಿಕ್ ಇರ್ಬೇಕು ಸಾರ್, ಆದ್ರೂ ಭಯ ಆಗಿ ಜೀಪ್ ಮಾಡ್ಕೊಂಡ್ ಬಂದ್ವಿ” ಎಂದರು ಗಂಡ. ಡ್ಯೂಟಿ ಡಾಕ್ಟರ್ ಮೇಡಂ ಇನ್ನೊಬ್ಬ ಗಾಯಾಳುವಿಗೆ ಹೊಲಿಗೆ ಹಾಕುತ್ತಿದ್ದರು. “ಮೊದಲು ಇಸಿಜಿ ತೆಗೀರಿ” ಎಂದು ಅಲ್ಲಿಂದಲೇ ಹೇಳಿದರು. ಅವರು ಹೇಳಿದ್ದು ಸರಿಯಾಗಿತ್ತು. ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ಎಲ್ಲ ಕಡೆ ಒಪ್ಪಿಕೊಂಡ ನಿಯಮ.

ಆಕೆಯ ಸೀರೆ ಪೂರ್ತಿ ನೆನೆದಿತ್ತು, ಮೈ ನಡುಗುತ್ತಿತ್ತು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ವಾರ್ಡಿನಲ್ಲಿ ಬೇರೆ ರೋಗಿಗಳಿದ್ದರು, ಅವರ ಕಡೆಯ ಗಂಡಸರಿದ್ದರು. ಮಡಚುವ ಪರದೆ ಮೂಲೆಯಲ್ಲಿತ್ತು, ಅದನ್ನು ಎಳೆದು ತರಲಿಲ್ಲ. ಸಿಸ್ಟರ್ ಹೆರಿಗೆ ಕೋಣೆಯಲ್ಲಿದ್ದರು, ಒಂದು ಕ್ಷಣ ಬನ್ನಿ ಎಂದು ಕರೆಯಲಿಲ್ಲ. ರವಿಕೆಯ ಮೇಲಿನ ಹುಕ್ಕು ಬಿಚ್ಚಿಸಿ, ಮುಖ ಬೇರೆ ಕಡೆ ತಿರುಗಿಸಿಕೊಂಡು, ಕೈಗೆ ಸಿಕ್ಕಷ್ಟು ಜಾಗದಲ್ಲಿ ಬಲ್ಬು ಅಂಟಿಸಿದೆ. ಮೊದಲಿನ ಎರಡು ಕೊರಳೆಲುಬಿನ ಸ್ವಲ್ಪ ಕೆಳಗೆ, ಉಳಿದವು ಸ್ತನದ ಮೇಲುಭಾಗದಲ್ಲಿ ಸಾಲಾಗಿ. ಆಕೆಗೆ ಮುಜುಗರವಾಗದಂತೆ ನೋಡಿಕೊಂಡೆ ಎಂಬ ಸಮಾಧಾನವೂ ನನಗಿತ್ತು.

ಗೆರೆ ಪೂರ್ತಿ ನಡುಗುತ್ತಾ ಬಂತು. ಚಳಿಗೆ ಸ್ನಾಯು ಕಂಪಿಸಿದರೆ ಹಾಗೇ ಬರುವುದು. ಕಂಬಳಿ ಹೊದಿಸಿ ಎರಡು ನಿಮಿಷ ಕಾಯಬೇಕಿತ್ತು. ನಾನು ಫಿಲ್ಟರ್ ಒತ್ತಿದೆ, ಗೆರೆ ನಯವಾಯಿತು. ಕಾಗದದ ತಲೆಯ ಮೇಲೆ ಯಂತ್ರವೇ ತನ್ನ ಅಭಿಪ್ರಾಯ ಮುದ್ರಿಸಿತ್ತು: ಹೃದಯದ ಮುಂಭಾಗಕ್ಕೆ ಹಿಂದೆ ಯಾವಾಗಲೋ ಆಘಾತವಾಗಿರುವ ಸಾಧ್ಯತೆ.

ಮೇಡಂ ಕಾಗದ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕೇಳಿದರು: “ಚೆಸ್ಟ್ ಲೀಡ್ ಸರಿಯಾಗಿ ಹಾಕಿದ್ದೀರಾ?”

“ಹಾಕಿದ್ದೀನಿ ಮೇಡಂ” ಎಂದೆ.

ಬಲ್ಬುಗಳು ಎಷ್ಟು ಮೇಲಿವೆ ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು. ಕಾರಣ ಗೊತ್ತಿಲ್ಲದಿದ್ದರೂ ಏನೋ ಸರಿಯಿಲ್ಲ ಎಂಬ ಅನುಮಾನವೂ ಇತ್ತು. ಮತ್ತೆ ತೆಗೆಯುತ್ತೇನೆ ಎಂದಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಹೇಳದೆ ಹೋದದ್ದಕ್ಕೆ ಅಜ್ಞಾನ ಕಾರಣವಲ್ಲ. ಕೆಲಸ ಗೊತ್ತಿಲ್ಲದವನು ಎಂದು ಅನ್ನಿಸಿಕೊಳ್ಳಬಾರದೆಂಬ ಹಟ ಕಾರಣ. ಆ ರಾತ್ರಿ ಮುಂದೆ ನಡೆದದ್ದೆಲ್ಲ ನನ್ನ ಆ ಒಂದು ಉತ್ತರದ ಮೇಲೆ ನಿಂತಿತ್ತು.

ಎದೆಯಲ್ಲಿ ಉರಿ ಇದೆ, ಇಸಿಜಿ ಸರಿಯಿಲ್ಲ. ಯಾವ ಡಾಕ್ಟರೂ ಅಂಥವರನ್ನು ಇಟ್ಟುಕೊಳ್ಳುವುದಿಲ್ಲ. ಮೇಡಂ ಮಂಗಳೂರಿಗೆ ಬರೆದುಕೊಟ್ಟರು. ಆಂಬುಲೆನ್ಸ್ ಆ ಮಳೆಯಲ್ಲಿ ಚಾರ್ಮಾಡಿ ಘಾಟಿ ಇಳಿಯಿತು. ಮಂಗಳೂರಿನಲ್ಲಿ ಮತ್ತೆ ಇಸಿಜಿ ತೆಗೆದರು, ರಕ್ತದಲ್ಲಿ ಟ್ರೋಪೋನಿನ್ ನೋಡಿದರು, ಎಕೋ ಮಾಡಿದರು. ಎಲ್ಲವೂ ಸಹಜ. ಆಮ್ಲದ ತೊಂದರೆಗೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಆ ಓಡಾಟದ ಖರ್ಚಿಗೆ ಗಂಡ ಹೆಂಡತಿಯ ಓಲೆ ಅಡವಿಟ್ಟಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಮಂಗಳೂರಿನ ಇಸಿಜಿಯನ್ನೂ ನಾನು ತೆಗೆದದ್ದನ್ನೂ ಮೇಡಂ ನನ್ನ ಮುಂದೆ ಅಕ್ಕಪಕ್ಕ ಇಟ್ಟರು. ಕೈಕಾಲಿನ ಲೀಡುಗಳು ಎರಡರಲ್ಲೂ ಒಂದೇ ಥರ ಇದ್ದವು. ಎದೆಯ ಲೀಡುಗಳು ಮಾತ್ರ ಬೇರೆ ಯಾರದ್ದೋ ಎಂಬಂತಿದ್ದವು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. “ಅಂಗಿ ಬಿಚ್ಚಿ, ಮಂಚದ ಮೇಲೆ ಮಲಗಿ” ಎಂದರು. ನನ್ನ ಎದೆಯ ಮೇಲೆಯೇ ನನಗೆ ಪಾಠ ಮಾಡಿದರು.

ಗಂಟಲ ಕುಳಿಯಿಂದ ಬೆರಳನ್ನು ಎದೆಯ ಮೂಳೆಯ ಮೇಲೆ ನಿಧಾನವಾಗಿ ಕೆಳಗೆ ಜಾರಿಸಬೇಕು. ಸ್ವಲ್ಪ ಕೆಳಗೆ ಒಂದು ಅಡ್ಡ ಉಬ್ಬು ಸಿಗುತ್ತದೆ. ಅದರ ಪಕ್ಕಕ್ಕೆ ಕೂಡಿಕೊಂಡಿರುವುದೇ ಎರಡನೆಯ ಪಕ್ಕೆಲುಬು, ಅದರ ಕೆಳಗಿನ ಸಂದು ಎರಡನೆಯ ಸಂದು. ಅಲ್ಲಿಂದ ಎಣಿಸಿಕೊಂಡು ನಾಲ್ಕನೆಯ ಸಂದಿಗೆ ಇಳಿಯಬೇಕು. ಮೂಳೆಯ ಬಲ ಅಂಚಿನಲ್ಲಿ ವಿ-1, ಎಡ ಅಂಚಿನಲ್ಲಿ ವಿ-2. ಮೂರನೆಯದನ್ನು ಬಿಟ್ಟು ಮೊದಲು ವಿ-4 ಹಾಕಬೇಕು: ಐದನೆಯ ಸಂದು, ಎಡ ಕೊರಳೆಲುಬಿನ ನಡುಮಧ್ಯದಿಂದ ನೇರ ಕೆಳಗೆ. ವಿ-2 ಮತ್ತು ವಿ-4ರ ನಡುವೆ ವಿ-3. ವಿ-4ರ ಮಟ್ಟದಲ್ಲೇ ಅಡ್ಡಕ್ಕೆ ಹೋಗಿ ಕಂಕುಳಿನ ಮುಂದಿನ ಅಂಚಿನ ನೇರಕ್ಕೆ ವಿ-5, ಕಂಕುಳಿನ ನಡುವಿನ ನೇರಕ್ಕೆ ವಿ-6. ಹೆಂಗಸರಲ್ಲಿ ಕೊನೆಯ ಮೂರು ಬರಬೇಕಾದದ್ದು ಸ್ತನದ ಕೆಳಗೆ, ಮೇಲಲ್ಲ. ಈ ಜಾಗಗಳನ್ನು 1938ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಹೃದ್ರೋಗ ತಜ್ಞರ ಸಂಘಗಳು ಕೂಡಿ ನಿಗದಿ ಮಾಡಿದವು. ಎಲ್ಲರೂ ಒಂದೇ ಜಾಗದಿಂದ ನೋಡಿದರೆ ಮಾತ್ರ ಒಬ್ಬರು ತೆಗೆದದ್ದನ್ನು ಇನ್ನೊಬ್ಬರು ಓದಲು ಸಾಧ್ಯ.

ಜಾಗ ತಪ್ಪಿದರೆ ಏನಾಗುತ್ತದೆ ಎಂಬುದು ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ಕುದುರೆಮುಖ ಒಂದು ಕಡೆಯಿಂದ ನೋಡಿದರೆ ಮಾತ್ರ ಕುದುರೆಯ ಮುಖ. ಬೇರೆ ಊರಿನಿಂದ ನೋಡಿದವರಿಗೆ ಅದು ಬರೀ ಗುಡ್ಡ. ಇಸಿಜಿಯ ಒಂದೊಂದು ಲೀಡೂ ಹೃದಯವನ್ನು ಒಂದೊಂದು ಜಾಗದಲ್ಲಿ ನಿಂತು ನೋಡುತ್ತದೆ. ವಿ-1ರಿಂದ ವಿ-5ರ ಕಡೆಗೆ ಬರುತ್ತಾ ಆರ್ ಅಲೆ ಮೆಲ್ಲಗೆ ಎತ್ತರವಾಗಬೇಕು. ಬಲ್ಬುಗಳು ಮೇಲೇರಿದರೆ ಆ ಏರಿಕೆ ಕಾಣುವುದಿಲ್ಲ. ಹೃದಯದ ಮುಂಭಾಗದ ಸ್ನಾಯು ಸತ್ತಿರುವವರ ಇಸಿಜಿಯಲ್ಲೂ ಅದು ಕಾಣುವುದಿಲ್ಲ. ಗೆರೆಗೆ ಎರಡೂ ಒಂದೇ. ನಾನು ಒತ್ತಿದ ಫಿಲ್ಟರ್ ಕೂಡ ನಡುಕದ ಜೊತೆ ಅಲೆಗಳ ಎತ್ತರವನ್ನೂ ಚೂಪನ್ನೂ ಸವೆಸಿತ್ತು. ನನ್ನ ಕೈ ಗಟ್ಟಿ ಹೃದಯದ ಒಬ್ಬ ಹೆಂಗಸಿಗೆ ಕಾಯಿಲೆ ಬರೆದುಕೊಟ್ಟಿತ್ತು.

ಆ ಕಾಯಿಲೆ ಕಾಗದದಲ್ಲೇ ಉಳಿಯಲಿಲ್ಲ. ಕೆಲವು ತಿಂಗಳ ನಂತರ ಕಾಫಿ ಕೊಯ್ಲಿನ ಕಾಲದಲ್ಲಿ ಗಂಡ ಯಾವುದೋ ಮಾತ್ರೆಗೆಂದು ಆಸ್ಪತ್ರೆಗೆ ಬಂದರು. ಹೆಂಡತಿ ಕೆಲಸಕ್ಕೆ ಹೋಗುತ್ತಿಲ್ಲ ಎಂದರು. ಮಂಗಳೂರಿನಲ್ಲಿ ಏನೂ ಇಲ್ಲ ಎಂದಿದ್ದರೂ ಆಕೆಗೆ ನಂಬಿಕೆ ಬಂದಿರಲಿಲ್ಲ. ‘ಹಾರ್ಟ್ ಪೇಷಂಟ್, ಭಾರ ಹೊರಬೇಡ’ ಎಂದು ತೋಟದ ಲೈನ್‌ಮನೆಯವರೆಲ್ಲ ಹೇಳುತ್ತಿದ್ದರು. ಜ್ವರಕ್ಕೆಂದು ಬೇರೊಂದು ಕ್ಲಿನಿಕ್ಕಿಗೆ ಹೋದಾಗ ಪ್ಲಾಸ್ಟಿಕ್ ಕವರಿನಲ್ಲಿದ್ದ ನನ್ನ ಇಸಿಜಿ ನೋಡಿ ಅಲ್ಲಿಯವರೂ ಹಾರ್ಟಿನ ಮಾತು ತೆಗೆದರಂತೆ.

ನಾನು ಅವರನ್ನು ಕೂರಿಸಿಕೊಂಡು ಹೇಳಿದೆ: “ಅಣ್ಣ, ಅವರ ಹೃದಯದಲ್ಲಿ ತೊಂದರೆ ಇರಲಿಲ್ಲ. ನಾನು ತಪ್ಪು ಜಾಗದಲ್ಲಿ ಇಟ್ಟು ತೆಗೆದಿದ್ದೆ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನ ಅವ್ಳ ಹತ್ರ ನೀವೇ ಹೇಳಿ ಸಾರ್, ನಾನ್ ಹೇಳಿದ್ರೆ ನಂಬಲ್ಲ” ಎಂದರು. ಮಾರನೆಯ ವಾರ ಇಬ್ಬರೂ ಬಂದರು. ಪರದೆ ಎಳೆದು, ಸಿಸ್ಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಪಕ್ಕೆಲುಬು ಎಣಿಸಿ ಮತ್ತೆ ಇಸಿಜಿ ತೆಗೆದೆ. ಮೇಡಂ ಹಳೆಯ ಕಾಗದದ ಮೇಲೆ ‘ಲೀಡುಗಳ ಜಾಗ ತಪ್ಪಿದೆ, ಪರಿಗಣಿಸಬಾರದು’ ಎಂದು ಬರೆದು ಸಹಿ ಹಾಕಿದರು. ಆಕೆ ಕೇಳಿದ್ದು ಒಂದೇ ಮಾತು: “ಹಾಗಾದ್ರೆ ಹಣ್ಣು ಕುಯ್ಯಕ್ಕೆ ಹೋಗ್ಬೋದಾ?” ಆ ವರ್ಷದ ಕೊಯ್ಲು ಅಷ್ಟು ಹೊತ್ತಿಗೆ ಮುಗಿಯುತ್ತಾ ಬಂದಿತ್ತು. ಅವರು ಕಳೆದುಕೊಂಡ ಕೂಲಿಯನ್ನು ನನ್ನ ಕ್ಷಮಾಪಣೆ ತಂದುಕೊಡಲಿಲ್ಲ.

ಮುಜುಗರದ ವಿಷಯದಲ್ಲಿ ನಾನು ಕಲಿತದ್ದನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಮ್ಮ ಊರುಗಳಲ್ಲಿ ಹೆಂಗಸರ ಇಸಿಜಿ ಕೆಡುವುದು ಹೆಚ್ಚಾಗಿ ಇಲ್ಲೇ. ಮುಖ ತಿರುಗಿಸಿ ತಪ್ಪು ಜಾಗದಲ್ಲಿ ಅಂಟಿಸುವುದು ಗೌರವವಲ್ಲ. ಪರದೆ ಎಳೆಯುವುದು, ಏನು ಮಾಡುತ್ತೇನೆ ಎಂದು ಮೊದಲೇ ಹೇಳುವುದು, ಸಿಸ್ಟರನ್ನೋ ಮನೆಯ ಹೆಂಗಸನ್ನೋ ಪಕ್ಕಕ್ಕೆ ಕರೆಯುವುದು, ಬಲ್ಬು ಇಟ್ಟ ಕೂಡಲೇ ಮೇಲೊಂದು ಬಟ್ಟೆ ಹೊದಿಸುವುದು ಗೌರವ. “ಅಮ್ಮ, ಎದೆಯನ್ನ ನೀವೇ ಸ್ವಲ್ಪ ಮೇಲಕ್ಕೆ ಹಿಡ್ಕೊಳ್ಳಿ, ಕೆಳಗೆ ಒಂದು ಬಲ್ಬ್ ಇಡ್ಬೇಕು” ಎಂದು ನೇರವಾಗಿ ಹೇಳಿದರೆ ಬೇಡ ಎಂದವರನ್ನು ನಾನು ಕಂಡಿಲ್ಲ. ಜನರಿಗೆ ಬೇಕಾದದ್ದು ಕಾರಣ ಮತ್ತು ಮರೆ. ಎರಡನ್ನೂ ಕೊಡುವುದು ನಮ್ಮ ಕೈಯಲ್ಲೇ ಇದೆ.

ಇನ್ನು ತಂತಿಗಳ ಮಾತು. ಬಣ್ಣ ನೋಡಿ ಸಿಕ್ಕಿಸಬೇಡಿ, ತುದಿಯಲ್ಲಿ ಬರೆದಿರುವ ಅಕ್ಷರ ಓದಿ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಯಂತ್ರಗಳಲ್ಲಿ ಕಪ್ಪು ಬಲಗಾಲಿಗೆ. ಅಮೆರಿಕದ ಪದ್ಧತಿಯ ಕೇಬಲ್ಲಿನಲ್ಲಿ ಅದೇ ಕಪ್ಪು ಎಡಗೈಗೆ, ಕೆಂಪು ಎಡಗಾಲಿಗೆ. ಕೇಬಲ್ ಬದಲಾದ ದಿನ ಬಣ್ಣದ ಅಭ್ಯಾಸವೇ ಕೈಕೊಡುತ್ತದೆ. ಎರಡು ಕೈಗಳ ತಂತಿ ಅದಲುಬದಲಾದರೆ ಮೊದಲನೆಯ ಲೀಡಿನಲ್ಲಿ ಅಲೆಗಳೆಲ್ಲ ತಲೆಕೆಳಗಾಗುತ್ತವೆ, ಕೆಳಮುಖವಾಗಿರಬೇಕಾದ ಎವಿಆರ್ ಮೇಲ್ಮುಖವಾಗುತ್ತದೆ. ಬಲಗೈಯದ್ದು ಬಲಗಾಲಿಗೆ ಹೋದರೆ ಎರಡನೆಯ ಲೀಡು ಹೆಚ್ಚುಕಡಿಮೆ ಚಪ್ಪಟೆಯಾಗುತ್ತದೆ. ಆದ್ದರಿಂದ ಕಾಗದ ಹರಿಯುವ ಮೊದಲು ಈ ಮೂರು ಲೀಡುಗಳನ್ನು ನೋಡಿ. ವಿ-2ರಲ್ಲೂ ಪಿ ಅಲೆ ಕೆಳಮುಖವಾಗಿದ್ದರೆ ಬಲ್ಬು ಮೇಲೇರಿದೆಯೇ ಎಂದು ಪರೀಕ್ಷಿಸಿ. ಕಾಗದದ ವೇಗ ಸೆಕೆಂಡಿಗೆ 25 ಮಿಲಿಮೀಟರ್ ಇದೆಯೇ, ಒಂದು ಮಿಲಿವೋಲ್ಟಿನ ಗುರುತು 10 ಮಿಲಿಮೀಟರ್ ಎತ್ತರ ಬಂದಿದೆಯೇ ಎಂದು ಗಮನಿಸಿ. ಗುರುತು ಅರ್ಧಕ್ಕಿಳಿದಿದ್ದರೆ ಅಲೆಗಳೂ ಅರ್ಧಕ್ಕಿಳಿದಿರುತ್ತವೆ. ಹೆಸರು, ವಯಸ್ಸು, ಸಮಯ ಮತ್ತು ಆ ಹೊತ್ತಿನಲ್ಲಿ ನೋವು ಇತ್ತೇ ಇಲ್ಲವೇ ಎಂಬುದನ್ನು ಕೈಯಲ್ಲೇ ಬರೆಯಿರಿ.

ಜೆಲ್ಲಿಯನ್ನು ಎದೆಯ ಉದ್ದಕ್ಕೂ ಸವರುವವರಿದ್ದಾರೆ. ಆಗ ಒಂದು ಬಲ್ಬಿನಿಂದ ಇನ್ನೊಂದಕ್ಕೆ ವಿದ್ಯುತ್ ಹರಿದು ಆರೂ ಲೀಡುಗಳು ಒಂದೇ ಥರ ಕಾಣುತ್ತವೆ. ಬಲ್ಬಿನ ಅಡಿಗಷ್ಟೇ ಹಚ್ಚಿ. ಬೆವರು ಒರೆಸಿ, ಕೂದಲು ದಟ್ಟವಾಗಿದ್ದರೆ ಕೇಳಿ ತೆಗೆಯಿರಿ. ಕೆಲಸ ಮುಗಿದ ಮೇಲೆ ಬಲ್ಬು, ಕ್ಲಿಪ್ಪುಗಳನ್ನು ಒರೆಸಿಡಿ. ಒಣಗಿದ ಜೆಲ್ಲಿ ಲೋಹವನ್ನು ತಿನ್ನುತ್ತದೆ, ಒಬ್ಬರ ಚರ್ಮದ ಸೋಂಕನ್ನು ಇನ್ನೊಬ್ಬರಿಗೆ ದಾಟಿಸುತ್ತದೆ.

ಗೆರೆ ಗರಗಸದ ಹಲ್ಲಿನಂತೆ ಒಂದೇ ಸಮನೆ ಕಂಪಿಸಿದರೆ ಅದು ಸಾಮಾನ್ಯವಾಗಿ ಗೋಡೆಯ ಕರೆಂಟಿನ 50 ಹರ್ಟ್ಸ್. ಫಿಲ್ಟರಿಗೆ ಕೈ ಹಾಕುವ ಮೊದಲು ಕಾರಣ ಹುಡುಕಿ: ಪಕ್ಕದಲ್ಲಿ ಮೊಬೈಲ್ ಚಾರ್ಜರ್ ಇದೆಯೇ, ಕ್ಲಿಪ್ಪು ಸಡಿಲವೇ, ರೋಗಿಯ ಕಾಲು ಮಂಚದ ಕಬ್ಬಿಣಕ್ಕೆ ತಾಗಿದೆಯೇ, ಪ್ಲಗ್ಗಿಗೆ ಅರ್ಥಿಂಗ್ ಇದೆಯೇ. ಅರ್ಥಿಂಗ್ ಗೆರೆಗಿಂತ ಹೆಚ್ಚಾಗಿ ಜೀವದ ಪ್ರಶ್ನೆ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಂತ್ರದೊಳಗೆ ಏನಾದರೂ ಕೆಟ್ಟರೆ ಆ ವಿದ್ಯುತ್ ಹೋಗುವುದು ಒದ್ದೆ ಚರ್ಮಕ್ಕೆ ಜೆಲ್ಲಿ ಹಚ್ಚಿ ತಂತಿ ಕಟ್ಟಿಸಿಕೊಂಡು ಮಲಗಿರುವವರ ಮೈಗೆ. ಮಳೆಗಾಲದಲ್ಲಿ ಯಂತ್ರವನ್ನು ಮೊದಲೇ ಚಾರ್ಜ್ ಮಾಡಿಟ್ಟು ಬ್ಯಾಟರಿಯಲ್ಲೇ ನಡೆಸುವುದು ಒಳ್ಳೆಯದು. ಕೇಬಲ್ಲಿನ ಹೊರಪದರ ಸೀಳಿದ್ದರೆ ಟೇಪು ಸುತ್ತಿ ದಿನ ದೂಡಬೇಡಿ, ಬದಲಾಯಿಸಿ. ಶಾಕ್ ಕೊಡಬೇಕಾಗಿ ಬಂದಾಗ, ಯಂತ್ರಕ್ಕೆ ಡಿಫಿಬ್ರಿಲೇಟರ್ ರಕ್ಷಣೆಯ ಗುರುತು ಇಲ್ಲದಿದ್ದರೆ ತಂತಿಗಳನ್ನು ಕಳಚಿ. ಗುರುತು ಇರಲಿ, ಇಲ್ಲದಿರಲಿ, ಆ ಕ್ಷಣದಲ್ಲಿ ಯಾರೂ ರೋಗಿಯನ್ನೂ ಮಂಚವನ್ನೂ ಮುಟ್ಟಿಕೊಂಡಿರಬಾರದು.

ಈ ಎಚ್ಚರ ಇಂದು ಹಿಂದೆಂದಿಗಿಂತ ಹೆಚ್ಚು ಬೇಕಾಗಿದೆ. ಇಸಿಜಿಯನ್ನು ದೂರಕ್ಕೆ ಕಳಿಸುವುದು ಹೊಸದೇನಲ್ಲ. ಈ ವಿದ್ಯೆಗೆ 1924ರ ನೊಬೆಲ್ ಪಡೆದ ವಿಲ್ಲೆಮ್ ಐಂತೋವನ್ ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ, 1905ರಲ್ಲೇ, ಆಸ್ಪತ್ರೆಯಲ್ಲಿದ್ದ ರೋಗಿಯ ಇಸಿಜಿಯನ್ನು ದೂರವಾಣಿ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯದಲ್ಲಿ ದಾಖಲಿಸಿದ್ದರು. ನಮ್ಮಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ತಜ್ಞರು ಅದನ್ನು ನೋಡಿ ಉತ್ತರಿಸುವ ವ್ಯವಸ್ಥೆ ಕಟ್ಟಿದರು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಕೊಡುತ್ತಾರೆ. ಜೀವ ಉಳಿಸುವ ಮದ್ದು ಅದು. ಬೇಡದವರಿಗೆ ಕೊಟ್ಟರೆ ಮಿದುಳಿನಲ್ಲಿ ರಕ್ತಸ್ರಾವ ಮಾಡಬಲ್ಲ ಮದ್ದೂ ಹೌದು. ದೂರದ ತಜ್ಞರಿಗೆ ಕಾಣುವುದು ಕಾಗದದ ಫೋಟೋ ಮಾತ್ರ. ಬಲ್ಬು ಯಾವ ಪಕ್ಕೆಲುಬಿನ ಸಂದಿನಲ್ಲಿತ್ತು ಎಂಬುದು ಅವರಿಗೆ ಕಾಣುವುದಿಲ್ಲ. ಅದನ್ನು ಬಲ್ಲವರು ರೋಗಿಯ ಪಕ್ಕ ನಿಂತ ನಾವು ಮಾತ್ರ.

ಓದುಗರಲ್ಲೂ ಒಂದು ಮಾತು. ಮೊದಲ ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ಹೃದಯಾಘಾತ ಇಲ್ಲ ಎಂದು ತೀರ್ಮಾನವಾಗುವುದಿಲ್ಲ. ನೋವು ನಿಲ್ಲದಿದ್ದರೆ 15ರಿಂದ 30 ನಿಮಿಷದ ಅಂತರದಲ್ಲಿ ಮತ್ತೆ ತೆಗೆಯಬೇಕು, ಅದನ್ನು ಕೇಳಲು ಸಂಕೋಚಪಡಬೇಡಿ. ಪರದೆ ಬೇಕು ಎಂದು ಕೇಳಿ, ಅದು ನಿಮ್ಮ ಹಕ್ಕು. ಹಳೆಯ ಇಸಿಜಿಗಳನ್ನು ಜೋಪಾನವಾಗಿಟ್ಟು ಪ್ರತಿ ಸಲ ಜೊತೆಗೆ ತನ್ನಿ. ಹೋಲಿಸಿ ನೋಡಿದರೆ ಡಾಕ್ಟರಿಗೆ ಹೊಸ ತೊಂದರೆಯೂ ತಿಳಿಯುತ್ತದೆ, ನಮ್ಮ ತಪ್ಪೂ ತಿಳಿಯುತ್ತದೆ.

ನನ್ನ ಜೊತೆ ಕೆಲಸ ಮಾಡುವ ತಮ್ಮ ತಂಗಿಯರೇ, ಡಾಕ್ಟರು “ಸರಿಯಾಗಿ ಹಾಕಿದ್ದೀರಾ?” ಎಂದು ಕೇಳಿದಾಗ ಎಳ್ಳಷ್ಟು ಅನುಮಾನವಿದ್ದರೂ “ಇನ್ನೊಂದು ಸಲ ತೆಗೆದು ತರ್ತೀನಿ” ಎನ್ನಿ. ಹಾಗೆ ಹೇಳಿದ್ದಕ್ಕೆ ಯಾರ ಕೆಲಸವೂ ಹೋಗುವುದಿಲ್ಲ, ಯಾರ ಮರ್ಯಾದೆಯೂ ಕಳೆಯುವುದಿಲ್ಲ.